ಕೀಲೆಣ್ಣೆಯ ವಿಚಾರ

ಕಠೋಪನಿಷತ್ತಿನಲ್ಲಿ ಯಮನು ನಚಿಕೇತನಿಗೆ ಉಪದೇಶಿಸುವ ರಥದ ರೂಪಕವು ನಮ್ಮ ಜನದ ನಡುವೆ ಎಷ್ಟು ಬಳಕೆಗೆ ಬಂದಿದೆಯೆಂದರೆ, ಆ ಗ್ರಂಥವನ್ನು ಕಣ್ಣಾರೆ ಕಾಣದವರೂ ಶರೀರವು ರಥವೆಂದೂ, ಆತ್ಮನು ಅದರ ಒಡೆಯನೆಂದೂ, ಬುದ್ಧಿಯು ಸಾರಥಿಯೆಂದೂ, ಮನಸ್ಸು ಕಡಿವಾಣವೆಂದೂ, ಇಂದ್ರಿಯಗಳು ಕುದುರೆಗಳೆಂದೂ ತಡವರಿಸದೆ ಹೇಳಬಲ್ಲರು. ಹರಿಕಥೆಯ ದಾಸರು, ಮಠದ ಪ್ರವಚನಕಾರರು, ಶಾಲೆಯ ನೀತಿಪಾಠದ ಉಪಾಧ್ಯಾಯರು ಇವರೆಲ್ಲರ ಕೈಯಲ್ಲಿ ಇಷ್ಟು ಕಾಲ ಓಡಿಯೂ ಈ ರಥವು ಸವೆದಿಲ್ಲ. ಆದರೂ ಇದರಲ್ಲಿ ಒಂದು ಕೊರತೆ ನನಗೆ ಬಹುದಿನದಿಂದ ಕಾಣುತ್ತ ಬಂದಿದೆ. ಕುಳಿತವನಿಗೂ ನಡೆಸುವವನಿಗೂ ಎಳೆಯುವವುಗಳಿಗೂ ಓಡುವ ದಾರಿಗೂ ಅಲ್ಲಿ ಸ್ಥಾನವುಂಟು. ಹೊರಡುವ ಮುನ್ನ ಬಗ್ಗಿ ಗಾಲಿಯ ಕಡಾಣಿಯನ್ನು ಅಲುಗಿಸಿ ನೋಡಿ, ಅಚ್ಚಿಗೆ ಕೀಲೆಣ್ಣೆ ಹಾಕಿ, ಕೈ ಒರಸಿಕೊಂಡು ಹಿಂದೆ ಸರಿದು ನಿಂತವನಿಗೆ ಮಾತ್ರ ಯಾವ ಸ್ಥಾನವೂ ಇಲ್ಲ. ಅವನು ಯಾವ ತತ್ತ್ವಕ್ಕೆ ಸಂಕೇತವಾಗಬೇಕಾಗಿತ್ತು? ಜಡವಾದ ವಸ್ತುವೊಂದನ್ನು ಕೆಡದಂತೆ ಕಾಯುವ ಕೆಲಸವು ಧರ್ಮದ ಪರಿಧಿಯೊಳಗೆ ಬರತಕ್ಕದ್ದೋ, ಮಮಕಾರದ ಒಂದು ಬಗೆಯೆಂದು ಮುಮುಕ್ಷುವು ಬಿಡತಕ್ಕದ್ದೋ?

ಈ ಶಂಕೆಗೆ ರೆಕ್ಕೆ ಮೂಡಿಸಿದವರು ಕೃಷ್ಣೆಯ ಆಚೆ ದಡದ ಕೆಲವು ಮಂದಿ ಕಾರುಪ್ರಿಯರು. ರಾಯಚೂರಿನಿಂದ ಉತ್ತರಕ್ಕೆ ಹೊರಟು, ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದ ಚಿಮಣಿಗಳನ್ನು ಬದಿಗೆ ಬಿಟ್ಟು, ದೇವಸೂಗೂರಿನ ಬಳಿ ನಿಜಾಮರ ಕಾಲದ ಸೇತುವೆ ಇರುವಲ್ಲಿ ನದಿಯನ್ನು ದಾಟಿದರೆ, 167ನೆಯ ರಾಷ್ಟ್ರೀಯ ಹೆದ್ದಾರಿಯು ಮಾಗನೂರು, ಮಕ್ತಲಗಳ ಮೇಲೆ ಹಾದು ಮಹಬೂಬನಗರದತ್ತ ಸಾಗುತ್ತದೆ. ಎಡಗಡೆಗೆ ನೇಕಾರರ ನಾರಾಯಣಪೇಟೆ, ಬಲಗಡೆಗೆ ಜೂರಾಲ ಅಣೆಕಟ್ಟಿನ ಆಚೆ ಕೋಟೆಯ ಗದ್ವಾಲ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವು ಮೂರು ಪಾಲಾದಾಗ ರಾಯಚೂರು ಮೈಸೂರಿಗೆ ಬಂದಿತು. ಅದುವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದ ಗದ್ವಾಲ, ಆಲಂಪುರ ತಾಲ್ಲೂಕುಗಳು ಮಹಬೂಬನಗರಕ್ಕೆ ಸೇರಿದವು. ಅಂದಿನಿಂದ ರಾಜ್ಯದ ಹೆಸರು ಒಮ್ಮೆ, ಜಿಲ್ಲೆಗಳ ಹೆಸರು ಹಲವು ಸಲ ಬದಲಾಗಿ, 2016ರಲ್ಲಿ ಜೋಗುಳಾಂಬ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಎಂಬ ಪ್ರತ್ಯೇಕ ಜಿಲ್ಲೆಗಳಾದವು. ಗಡಿಗೆರೆ ಎಳೆದವರು ಮನೆಯೊಳಗಿನ ಮಾತಿಗೆ ಗೆರೆ ಎಳೆಯಲಾರದೆ ಹೋದದ್ದರಿಂದ, ಇಲ್ಲಿ ಇಂದಿಗೂ ಅಡುಗೆಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಮೆಕ್ಯಾನಿಕನ ಅಂಗಡಿಯಲ್ಲಿ ದಖನಿ ಉರ್ದು ನಡೆಯುವ ಕುಟುಂಬಗಳು ಬೇಕಾದಷ್ಟಿವೆ. ಮಕ್ತಲದ ಚಹಾದಂಗಡಿಯ ಮುಂದೆ ಭಾನುವಾರ ನಿಲ್ಲುವ ವಾಹನಗಳ ಫಲಕಗಳಲ್ಲಿ ಕೆಎ 36, ಎಪಿ 22, ಟಿಎಸ್, 2024ರಿಂದೀಚಿನ ಟಿಜಿ ಇವೆಲ್ಲವೂ ಒಟ್ಟಿಗೆ ಕಾಣುವುವು. ಈ ನೆಲದ ಚರಿತ್ರೆಯನ್ನು ಪುಸ್ತಕವಿಲ್ಲದೆ ಓದಬೇಕೆಂಬವರು ಅಲ್ಲಿ ಒಂದು ಗಳಿಗೆ ನಿಂತರೆ ಸಾಕು.

ಆ ಭಾನುವಾರದ ಗೋಷ್ಠಿಯಲ್ಲಿ ಹತ್ತಿಯ ವ್ಯಾಪಾರಿಯೊಬ್ಬರು, ನಿವೃತ್ತ ಉಪಾಧ್ಯಾಯರೊಬ್ಬರು, ಸೀರೆಯಂಗಡಿಯ ತರುಣನೊಬ್ಬ, ಆಯುಷ್ಯವೆಲ್ಲ ಲಾರಿ ನಡೆಸಿ ಈಗ ಮನೆಯಲ್ಲಿರುವ ವೃದ್ಧ ಡ್ರೈವರನೊಬ್ಬ, ಇವರು ಖಾಯಂ ಸದಸ್ಯರು. ಮಾತೆಲ್ಲ ಕಾರಿನದು, ಕಾರಿನ ಮಾತು ಮುಗಿದರೆ ಮನೆಯ ರಿಪೇರಿಯದು. ಬಿಸಿಲಿಗೆ ಕಾದ ಬಾನೆಟ್ಟಿನ ಮೇಲೆ ನೀರು ಸುರಿಯಕೂಡದು, ಹನಿಯಾರಿದಲ್ಲಿ ಕಲೆ ಕಚ್ಚುತ್ತದೆ. ತೊಳೆಯುವುದು ಮೇಲಿನಿಂದ ಕೆಳಕ್ಕೆ, ಗಾಲಿ ಕಟ್ಟಕಡೆಗೆ. ಸೋಪಿನ ನೀರಿಗೆ ಒಂದು ಬಕೆಟ್ಟು, ಬಟ್ಟೆಯನ್ನು ಜಾಲಿಸಲು ಬೇರೊಂದು. ಎರೆಭೂಮಿಯ ಧೂಳು ಕುಳಿತ ಮೈಯನ್ನು ಒಣಬಟ್ಟೆಯಿಂದ ಒರೆಸುವುದು ಮಹಾಪಾಪ. ನೆಲಕ್ಕೆ ಬಿದ್ದ ಬಟ್ಟೆಯ ವಿಷಯದಲ್ಲಿ ಇವರಿಗಿರುವ ಮಡಿ ಮಠದ ಅಡುಗೆಯವರಿಗೂ ಇರಲಾರದು. ಒಂದು ದಿನ ವ್ಯಾಪಾರಿಯ ಬಿಳಿಯ ಕಾರು ಪಾಲಿಶ್ ಮುಗಿಸಿ ಬಂದು ನಿಂತಾಗ ತರುಣನು, “ಏನ್ರೀ ಅಣ್ಣಾರ, ಗಾಡಿ ಖರೇ ಕನ್ನಡಿ ಮಾಡೀರಲ್ಲ, ಮಾರಿ ಕಾಣಕತ್ತದ!” ಎಂದು ಕೊಂಡಾಡಿದನು. ಮೂಲೆಯಲ್ಲಿದ್ದ ವೃದ್ಧನು ಸಾಸರಿನ ಚಹಾ ಮುಗಿಸಿ, “ಮಾರಿ ಕಂಡ್ರ ಏನಾತಪ್ಪ, ಟೈರ್ ನೋಡೀಯೇನು? ಬೋಳು ಆಗ್ಯಾವ” ಎಂದನು. ಗೋಷ್ಠಿ ನಕ್ಕಿತು. ನಾನು ಮಾತ್ರ ಆ ಎರಡು ಮಾತುಗಳ ನಡುವೆ ಒಂದು ಶಾಸ್ತ್ರಾರ್ಥವೇ ಅಡಗಿದೆಯೆಂದು ಅಂದುಕೊಂಡೆನು.

ಶಾಸ್ತ್ರಾರ್ಥಕ್ಕೆ ಬರುವ ಮುನ್ನ ಈ ಜನದ ತತ್ತ್ವಜ್ಞಾನದ ಒಂದು ಮಾದರಿಯನ್ನು ಹೇಳಿಬಿಡಬೇಕು. ಮಿಲಿಂದರಾಜನು ನಾಗಸೇನ ಭಿಕ್ಷುವನ್ನು ಕಾಣಲು ರಥವೇರಿ ಬಂದಾಗ, ಗಾಲಿಯೇ ರಥವೇ, ಅಚ್ಚೇ ರಥವೇ, ನೊಗವೇ ರಥವೇ ಎಂದು ಕೇಳುತ್ತ ಹೋಗಿ, ರಥವೆಂಬುದು ಬರಿಯ ಹೆಸರೆಂದು ಆ ಭಿಕ್ಷುವು ರಾಜನ ಬಾಯಿಂದಲೇ ಒಪ್ಪಿಸಿದನಷ್ಟೆ. ಉಪಾಧ್ಯಾಯರು ಈ ಕಥೆಯನ್ನು ಹೇಳಿ, ಎಂಜಿನ್ ಬದಲಾಗಿ, ಬಾಗಿಲು ಬದಲಾಗಿ, ಸೀಟು ಬದಲಾಗಿ ಇಂದಿಗೂ ಓಡುವ ಹಳೆಯ ಅಂಬಾಸಡರ್ ಅದೇ ಅಂಬಾಸಡರೋ ಬೇರೆಯದೋ ಎಂದು ಸಭೆಯ ಮುಂದಿಟ್ಟರು. 2014ರಲ್ಲಿ ತಯಾರಿಕೆಯೇ ನಿಂತುಹೋದ ಆ ಗಾಡಿಯ ವಿಷಯದಲ್ಲಿ ಪ್ರಶ್ನೆ ನಿಜವಾಗಿಯೂ ಗಹನವಾದದ್ದು. ವೃದ್ಧನು ಕ್ಷಣವೂ ಯೋಚಿಸದೆ, “ಚಾಸಿ ನಂಬರ್ ಅದಽ ಇದ್ರ ಗಾಡಿ ಅದಽ” ಎಂದು ತೀರ್ಪಿತ್ತನು. ನಾಗಸೇನನಿಗೆ ಆರ್‌ಟಿಓ ಕಚೇರಿಯ ಪರಿಚಯವಿರಲಿಲ್ಲವೆಂದು ಕಾಣುತ್ತದೆ.

ಮನೆಯ ರಿಪೇರಿಯ ಮಾತಿನಲ್ಲಿ ಈ ಗೋಷ್ಠಿಯ ಉತ್ಸಾಹ ಇನ್ನೂ ಹೆಚ್ಚು. ಇಲ್ಲಿಯ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ಮಳೆಗಾಲಕ್ಕೆ ಮೊದಲು ಮೇಲೆ ಹೊಸ ಮಣ್ಣು ಹರಡಿ, ದಿಮ್ಮಸು ಹೊಡೆದು, ನೀರು ಹರಿಯುವ ದೋಣಿಯನ್ನು ಸರಿಮಾಡದಿದ್ದರೆ ಆಷಾಢದಲ್ಲಿ ಮನೆಯೊಳಗೆ ಪಾತ್ರೆ ಇಡಬೇಕಾಗುತ್ತಿತ್ತು. ಈಗ ಸಿಮೆಂಟಿನ ಛಾವಣಿ ಬಂದಿದೆ. ಬೇಸಗೆಯ ಬಿಸಿಲಿಗೆ ಅದೂ ಬಿರಿಯುತ್ತದೆ. ರಜೆಯ ದಿನ ಹಳೆಯ ಅಂಗಿ ತೊಟ್ಟು ಬಿರುಕಿಗೆ ಸಿಮೆಂಟ್ ತುಂಬುವುದು, ಉದುರಿದ ಗಿಲಾವನ್ನು ಕೆರೆದು ಮತ್ತೆ ಹಚ್ಚುವುದು, ತೊಟ್ಟಿಕ್ಕುವ ನಲ್ಲಿಗೆ ವಾಶರ್ ಹಾಕುವುದು, ಗೇಟಿಗೆ ಬಣ್ಣ ಬಳಿಯುವುದು ಇವರಿಗೆ ಪರಮಪ್ರಿಯ. ಸೋಮವಾರದಿಂದ ಶನಿವಾರದವರೆಗೆ ಲೆಕ್ಕಪುಸ್ತಕದ ಮೇಲೆ ಬಾಗುವ ಬೆನ್ನಿಗೆ ಭಾನುವಾರ ಗಾರೆಯ ಕರಣೆ ಹಿಡಿದರೆ ಒಂದು ಬಗೆಯ ಬಿಡುಗಡೆ ಉಂಟಾಗುವುದು ಸುಳ್ಳಲ್ಲ. ಕಣ್ಣೆದುರು ಮುಗಿದು, ಕೈಗೆ ಸಿಗುವ ಕೆಲಸವು ಮನಸ್ಸಿಗೆ ಕೊಡುವ ಶಾಂತಿಯನ್ನು ಹಗುರವಾಗಿ ಕಾಣಬಾರದು.

ಆದರೆ ಈ ಆನಂದವನ್ನು ಅಧ್ಯಾತ್ಮವೆಂದು ಕರೆಯುವವರಿಗೆ ಮುಂಚಿತವಾಗಿಯೇ ಒಂದು ಎಚ್ಚರಿಕೆ ಸಲ್ಲಬೇಕು. ಮಹಬೂಬನಗರಕ್ಕೆ ಜನರಿಟ್ಟ ಹಳೆಯ ಹೆಸರು ಪಾಲಮೂರು. ಪಾಲಮೂರಿನ ಕೂಲಿಗಳೆಂದರೆ ದೇಶದ ಅಣೆಕಟ್ಟು, ಕಾಲುವೆ, ರಸ್ತೆಗಳ ಕೆಲಸದಲ್ಲೆಲ್ಲ ಹೆಸರಾದವರು. ಬರಗಾಲಕ್ಕೆ ಬೆನ್ನು ಕೊಟ್ಟು ಸಂಸಾರಸಮೇತ ಊರು ಬಿಟ್ಟು ಹೋಗಿ, ಮಂದಿಯ ಊರಿಗೆ ನೀರು ತಂದು, ತಮ್ಮೂರಿನಲ್ಲಿ ನೀರಿಲ್ಲದೆ ಬದುಕಿದವರು. ಗಾರೆಯ ಕರಣೆಯು ಅವರ ಕೈಯಲ್ಲಿ ಏಳು ದಿನವೂ ಇತ್ತು. ಅದು ಅವರಿಗೆ ಶಾಂತಿಯನ್ನು ಕೊಟ್ಟಿತೆಂದು ಬರೆಯುವ ಧೈರ್ಯ ನನಗಿಲ್ಲ. ಬೇಡವೆಂದಾಗ ಬಿಡಬಹುದಾದ ಶ್ರಮವು ವಿನೋದ. ಬಿಟ್ಟರೆ ಉಪವಾಸವೆಂಬ ಶ್ರಮವು ಬೇರೆಯೇ ಜಾತಿಯದು. ಇವೆರಡನ್ನೂ ‘ಕಾಯಕ’ವೆಂಬ ಒಂದೇ ಚೀಲಕ್ಕೆ ತುಂಬುವುದು ಈಚಿನ ಭಾಷಣಕಾರರ ಅಭ್ಯಾಸವಾಗಿದೆ, ಹನ್ನೆರಡನೆಯ ಶತಮಾನದ ಶರಣರು ಹಾಗೆ ತುಂಬಿರಲಿಲ್ಲ. ಇದೇ ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅವನ ಹೆಂಡತಿ ಲಕ್ಕಮ್ಮನು ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಕಳುಹಿದ ಕಥೆಯಲ್ಲಿ, ಕೆಲಸಕ್ಕೂ ಒಂದು ಮೇರೆಯುಂಟೆಂಬ ತೀಕ್ಷ್ಣವಾದ ಅರಿವು ಇದೆ.

ಮೇರೆ ಮೀರಿದ ಆಸ್ಥೆಯು ವಸ್ತುವನ್ನೇ ತಿನ್ನುವುದನ್ನು ಕಾರಿನ ಮೈಯಲ್ಲಿಯೇ ಕಾಣಬಹುದು. ಈಗಿನ ಕಾರುಗಳ ಬಣ್ಣದ ಮೇಲೆ ಪಾರದರ್ಶಕವಾದ ಒಂದು ಲೇಪವಿರುತ್ತದೆ. ಅದರ ದಪ್ಪ ತಲೆಗೂದಲಿನ ದಪ್ಪಕ್ಕಿಂತ ಕಡಮೆ. ಪಾಲಿಶ್ ಎಂದರೆ ಆ ಲೇಪವನ್ನು ಅಷ್ಟಷ್ಟೇ ಸವೆಸಿ ಗೀರನ್ನು ಮರೆಮಾಡುವುದು. ವರ್ಷಕ್ಕೊಮ್ಮೆ ಉಜ್ಜಿದರೆ ಹೊಳಪು. ತಿಂಗಳಿಗೊಮ್ಮೆ ಉಜ್ಜಿದರೆ ಕೆಲವು ವರ್ಷಗಳಲ್ಲಿ ಲೇಪವೇ ಇಲ್ಲ, ಬಣ್ಣವು ಬಿಸಿಲಿಗೆ ಬೆತ್ತಲಾಗಿ ಬೆಳ್ಳಗಾಗುತ್ತದೆ. ಪೈಪು ಹಿಡಿದು ತೊಳೆದರೆ ಹರಿಯುವ ನೀರಿನ ವಿಚಾರವಂತೂ ಈ ಬರದ ಸೀಮೆಯಲ್ಲಿ ಬೇರೆಯಾಗಿ ಹೇಳಬೇಕಾದದ್ದಿಲ್ಲ.

ಹಾಗಾದರೆ ಸಂಪ್ರದಾಯವು ಜಡವಸ್ತುವಿನ ಬಗ್ಗೆ ನಮಗೆ ಏನನ್ನು ಹೇಳಿಕೊಟ್ಟಿದೆ? ಸಾಮಾನ್ಯವಾಗಿ ಕೇಳಿಬರುವ ಉತ್ತರಗಳು ಎರಡು. ವೈರಾಗ್ಯದ ಉತ್ತರವು, ಇದೆಲ್ಲ ನಶ್ವರ, ಇದರಲ್ಲಿ ಮನಸ್ಸಿಡಬೇಡ ಎನ್ನುತ್ತದೆ. ಮಕ್ತಲದ ಸಮೀಪದಲ್ಲಿ ಕೃಷ್ಣೆಯ ನಡುಗಡ್ಡೆಯಾದ ಕುರುವಪುರವುಂಟು, ಶ್ರೀಪಾದ ಶ್ರೀವಲ್ಲಭರ ಕ್ಷೇತ್ರ. ಮಹಾರಾಷ್ಟ್ರದಿಂದಲೂ ಬರುವ ಯಾತ್ರಿಕರು ಬಹುಕಾಲದಿಂದ ವಾಹನವನ್ನು ದಡದಲ್ಲಿ ಬಿಟ್ಟು ದೋಣಿ ಹತ್ತಿ ದಾಟುವರು. ದೋಣಿಯಲ್ಲಿ ಕುಳಿತು ದತ್ತನಾಮ ಜಪಿಸುತ್ತಲೇ ದಡದತ್ತ ತಿರುಗಿ, ಕಾರಿನ ಬೀಗ ಬಿದ್ದಿದೆಯೇ ಎಂದು ಕೀಲಿಯ ಗುಂಡಿಯನ್ನು ಇನ್ನೊಮ್ಮೆ ಒತ್ತಿದವರನ್ನು ನಾನು ಕಂಡಿದ್ದೇನೆ. ವೈರಾಗ್ಯದ ಉಪದೇಶವು ಎಷ್ಟು ದೂರ ನಡೆಯುವುದೆಂಬುದಕ್ಕೆ ಅಷ್ಟು ಸಾಕು. ಎರಡನೆಯದು ಪೂಜೆಯ ಉತ್ತರ. ಮಹಾನವಮಿಯಂದು ಕಾರಿಗೆ ಅರಿಶಿನ ಕುಂಕುಮವಿಟ್ಟು, ಚೆಂಡುಹೂವಿನ ಮಾಲೆ ಹಾಕಿ, ನಾಲ್ಕು ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು, ಬೂದುಗುಂಬಳಕಾಯಿಯನ್ನು ನಿವಾಳಿಸಿ ಬೀದಿಯ ನಡುವೆ ಒಡೆದರೆ ವರ್ಷದ ಋಣ ತೀರಿತೆಂದು ಭಾವನೆ. ಒಡೆದ ಕಾಯಿಯ ತಿರುಳು ಬೀದಿಯಲ್ಲೇ ಉಳಿಯುತ್ತದೆ. ಅರ್ಧ ಗಳಿಗೆಯ ಮೇಲೆ ಆ ದಾರಿಯಲ್ಲಿ ಬಂದ ಯಾವನೋ ಸೈಕಲ್ಲಿನವನು ಅದರ ಮೇಲೆ ಜಾರಿ ಬೀಳುತ್ತಾನೆ. ತನ್ನ ವಾಹನಕ್ಕೆ ಅಪಘಾತವಾಗದಿರಲೆಂದು ಮಾಡಿದ ಪೂಜೆಯ ಶೇಷವೇ ಇನ್ನೊಬ್ಬನಿಗೆ ಅಪಘಾತವಾಗುವ ಈ ವಿಪರ್ಯಾಸವನ್ನು ಯಾವ ಪುರೋಹಿತನೂ ಪ್ರಾಯಶ್ಚಿತ್ತದ ಪಟ್ಟಿಯಲ್ಲಿ ಸೇರಿಸಿದಂತಿಲ್ಲ. ಒಂದು ಉತ್ತರವು ವಸ್ತುವನ್ನು ಇಲ್ಲವೆನ್ನುತ್ತದೆ, ಇನ್ನೊಂದು ಅದನ್ನು ಒಂದು ದಿನದ ಮಟ್ಟಿಗೆ ದೇವರೆನ್ನುತ್ತದೆ. ಉಳಿದ ದಿನಗಳಲ್ಲಿ ಅದರ ಬ್ರೇಕನ್ನು ಯಾರು ನೋಡಬೇಕೆಂಬುದಕ್ಕೆ ಎರಡರಲ್ಲಿಯೂ ಉತ್ತರವಿಲ್ಲ.

ಈ ನೆಲದಲ್ಲಿಯೇ ಬೇರೂರಿದ ಮೂರನೆಯ ಒಂದು ದೃಷ್ಟಿಯಿದೆ. ತುಂಗಭದ್ರೆಯ ದಡದ ಮಂತ್ರಾಲಯ, ಮಾನವಿಯ ಜಗನ್ನಾಥದಾಸರು, ಗದ್ವಾಲದ ಸೀಮೆಯ ಉತ್ತನೂರಿನಲ್ಲಿ ನೆಲೆಸಿದ ಗೋಪಾಲದಾಸರು ಇವರೆಲ್ಲ ಆಶ್ರಯಿಸಿದ ಮಧ್ವಸಿದ್ಧಾಂತವು ಜಗತ್ತನ್ನು ಮಿಥ್ಯೆಯೆನ್ನುವುದಿಲ್ಲ. ಪಂಚಭೇದಗಳಲ್ಲಿ ಜೀವಕ್ಕೂ ಜಡಕ್ಕೂ ಇರುವ ಭೇದವು ಒಂದು, ಜಡಕ್ಕೂ ಜಡಕ್ಕೂ ಇರುವ ಭೇದವು ಇನ್ನೊಂದು. ಎಂದ ಮೇಲೆ ಕಬ್ಬಿಣವು ಕಬ್ಬಿಣವಾಗಿಯೂ ರಬ್ಬರು ರಬ್ಬರಾಗಿಯೂ ಸತ್ಯವೇ. ಆದರೆ ಅದು ಸ್ವತಂತ್ರವಲ್ಲ, ನನ್ನದೂ ಅಲ್ಲ, ಹರಿಯ ಅಧೀನವಾದದ್ದು. ಈಶಾವಾಸ್ಯದ ಮೊದಲ ಮಂತ್ರದ ಆಶಯವೂ ಇಲ್ಲಿಗೆ ಬಂದು ಸೇರುತ್ತದೆ. ಇದೆ, ಆದರೆ ನನ್ನದಲ್ಲ ಎಂಬ ಈ ನಿಲವು ನೋಡಲು ಸರಳ, ಹಿಡಿದು ನಿಲ್ಲಲು ಬಹು ಕಠಿನ. ಇಲ್ಲವೆನ್ನುವವನು ಕೈಬಿಡಬಹುದು, ನನ್ನದೆನ್ನುವವನು ಅಪ್ಪಿಕೊಳ್ಳಬಹುದು. ಇರುವುದನ್ನು ನನ್ನದಲ್ಲವೆಂದು ತಿಳಿದವನಿಗೆ ಅದನ್ನು ಕಾಯುವ ಹೊಣೆ ಮಾತ್ರ ಉಳಿಯುತ್ತದೆ. ಜಗನ್ನಾಥದಾಸರು ಹರಿಕಥಾಮೃತಸಾರದಲ್ಲಿ ಭೋಜನಕ್ಕಾಗಿಯೇ ಒಂದು ಸಂಧಿಯನ್ನು ಮೀಸಲಿಟ್ಟು, ಉಣ್ಣುವಾಗ ಮಾಡಬೇಕಾದ ಅನುಸಂಧಾನವನ್ನು ವಿಸ್ತರಿಸಿದ್ದಾರೆ. ಅವರ ಕಾಲದಲ್ಲಿ ಮೋಟಾರು ಇರಲಿಲ್ಲ. ಇದ್ದಿದ್ದರೆ ಗಾಡಿ ನಡೆಸುವವನ ಅನುಸಂಧಾನಕ್ಕೂ ಅವರು ಕೆಲವು ಷಟ್ಪದಿಗಳನ್ನು ಬಿಡುತ್ತಿದ್ದರೆಂದು ನನಗೆ ನಂಬಿಕೆ.

ಅನ್ಯನಿಗೆಂದು ವಸ್ತುವನ್ನು ಸಿದ್ಧಪಡಿಸುವ ಕೈಗಳು ಈ ಸೀಮೆಗೆ ಹೊಸವಲ್ಲ. ಗದ್ವಾಲದ ನೇಕಾರರು ತಿರುಮಲೆಯ ವೆಂಕಟೇಶ್ವರನಿಗೆ ಬ್ರಹ್ಮೋತ್ಸವದ ಕಾಲದಲ್ಲಿ ಅರ್ಪಿಸುವ ಏರುವಾಡ ಜೋಡುಪಂಚೆಗಳನ್ನು ಸಂಸ್ಥಾನದ ಕಾಲದಿಂದಲೂ ದೀಕ್ಷೆ ಹಿಡಿದು ನೇಯುತ್ತ ಬಂದಿದ್ದಾರೆ. ಮಕ್ತಲದಿಂದ ದೂರವಿಲ್ಲದ ಕುರುಮೂರ್ತಿ ಬೆಟ್ಟದ ಜಾತ್ರೆಯಲ್ಲಿ, ದೀಪಾವಳಿಯ ಬಳಿಕ, ಸ್ವಾಮಿಯ ಪಾದುಕೆಗಳನ್ನು ವಡ್ಡೆಮಾನ್ ಗ್ರಾಮದ ಚರ್ಮಕಾರರು ಮಾಡಿ ಕೊಡುತ್ತಾರೆ. ಅವುಗಳ ಮೆರವಣಿಗೆಯೇ ಆ ಜಾತ್ರೆಯ ತಿರುಳು. ಸೀರೆಯಂಗಡಿಯ ತರುಣನು ಒಮ್ಮೆ ಗದ್ವಾಲದ ಸೀರೆಯೊಂದನ್ನು ತಿರುಗಿಸಿ ಒಳಮೈ ತೋರಿಸಿದನು. ಹತ್ತಿಯ ಒಡಲಿಗೂ ರೇಷ್ಮೆಯ ಅಂಚಿಗೂ ಕೊಂಡಿ ಬೀಳುವ ಜಾಗದಲ್ಲಿ ಎಳೆ ಎಳೆಗೆ ತಗುಲಿಕೊಂಡಿರುವುದು ಉಟ್ಟವಳಿಗೂ ಕಾಣದು, ನೋಡಿದವರಿಗೂ ಕಾಣದು. ಅಲ್ಲಿ ನೇಕಾರನು ಕೈ ಜಾರಿಸಿದರೆ ಮಾತ್ರ ಹತ್ತಾರು ಒಗೆತಗಳ ಬಳಿಕ ಅಂಚು ಬಿಟ್ಟುಕೊಳ್ಳುವುದು. ನೇಕಾರನಿಗೆ ಅದು ತಿಳಿಯುವುದೇ ಇಲ್ಲ, ಏಕೆಂದರೆ ಆ ಹೊತ್ತಿಗೆ ಸೀರೆಯು ಯಾವ ಊರಿನಲ್ಲಿದೆಯೋ!

ಇಲ್ಲಿ ನನಗೆ ಮೋಹವನ್ನೂ ಧರ್ಮವನ್ನೂ ಬೇರ್ಪಡಿಸುವ ಒಂದು ಒರೆಗಲ್ಲು ಸಿಕ್ಕಿದಂತಾಯಿತು. ಕಾರಿನ ಅಂಗಗಳಲ್ಲಿ ಕೆಲವು ಒಡೆಯನ ಕಣ್ಣಿಗಾಗಿ ಇರುವುವು, ಕೆಲವು ಪರರ ಪ್ರಾಣಕ್ಕಾಗಿ ಇರುವುವು. ಬಣ್ಣ, ಸೀಟಿನ ಹೊದಿಕೆ, ಹಾಡಿನ ಪೆಟ್ಟಿಗೆ ಮೊದಲನೆಯ ವರ್ಗದವು. ಬ್ರೇಕು, ಟೈರು, ಹಿಂದಿನ ಕೆಂಪುದೀಪ ಎರಡನೆಯವು. ವೇಗವು ನಲ್ವತ್ತರಿಂದ ಎಂಬತ್ತಕ್ಕೆ ಏರಿದರೆ, ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರವು ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಇದು ಭೌತಶಾಸ್ತ್ರದ ನಿಯಮ, ಒಡೆಯನ ಅನುಭವಕ್ಕೂ ಧೈರ್ಯಕ್ಕೂ ಮಣಿಯತಕ್ಕದ್ದಲ್ಲ. ಟೈರಿನ ಕಚ್ಚುಗಳ ತಳದಲ್ಲಿ ತಯಾರಕರೇ 1.6 ಮಿಲಿಮೀಟರ್ ಎತ್ತರದ ಗುರುತನ್ನಿಟ್ಟಿರುತ್ತಾರೆ. ರಬ್ಬರು ಸವೆದು ಆ ಗುರುತಿಗೆ ಸಮವಾದರೆ ಮಳೆಯ ನೀರನ್ನು ಹಿಂಡಿ ಹೊರಹಾಕುವ ಶಕ್ತಿ ಅದಕ್ಕಿಲ್ಲ. ಬ್ರೇಕಿನ ಎಣ್ಣೆಯು ಗಾಳಿಯ ತೇವವನ್ನು ಹೀರುತ್ತ ಹೀರುತ್ತ, ಬದಲಿಸದೆ ಬಿಟ್ಟರೆ, ಕಾಯ್ದಾಗ ಬೇಗನೆ ಕುದಿದು, ಒತ್ತಿದ ಪೆಡಲು ಕಾಲಿಗೆ ಮೆತ್ತಗೆ ಹತ್ತುತ್ತದೆ. ಇವೊಂದೂ ಹೊಳೆಯುವುದಿಲ್ಲ; ಇವನ್ನು ಕಂಡು ಚಹಾದಂಗಡಿಯಲ್ಲಿ ಯಾರೂ ಕೊಂಡಾಡುವುದಿಲ್ಲ. ಕೊಯ್ಲಿನ ಕಾಲದಲ್ಲಿ ಈ ರಸ್ತೆಗಳ ಅರ್ಧದವರೆಗೆ ಭತ್ತವನ್ನು ಒಣಹಾಕಿ ರೈತಹೆಂಗಸರು ಕಾಲಿನಿಂದ ಕಾಳನ್ನು ಹರಡುತ್ತ ನಡೆಯುವರು; ತಿರುವಿನಾಚೆ ಅವರು ಬಾಗಿ ನಿಂತಿರುವುದು ಕಾರಿನವನಿಗೆ ತಿಳಿದಿಲ್ಲ, ಅವನ ಬ್ರೇಕಿನ ಎಣ್ಣೆ ಹಳತಾದದ್ದು ಅವರಿಗೆ ತಿಳಿದಿಲ್ಲ. ಪರಸ್ಪರ ಅಪರಿಚಿತರಾದ ಆ ಇಬ್ಬರ ನಡುವೆ ಇರುವ ಸಂಬಂಧವೆಲ್ಲವೂ ಆ ಎಣ್ಣೆಯೊಳಗಿದೆ.

ಇದಕ್ಕಿಂತಲೂ ಶುದ್ಧವಾದ ಉದಾಹರಣೆಯು ರಾತ್ರಿಯ ದೀಪದ್ದೆಂದು ನಾನು ಆಗ ಭಾವಿಸಿದ್ದೆನು. ನಾರಾಯಣಪೇಟೆಯಿಂದ ಮಕ್ತಲಕ್ಕೆ ಕತ್ತಲಲ್ಲಿ ಬರುವಾಗ ಎದುರಿಗೆ ಒಂದು ದೀಪ ಕಾಣುತ್ತದೆ. ನಮ್ಮ ದೀಪವನ್ನು ತಗ್ಗಿಸಿದರೆ ನಮ್ಮ ದಾರಿಯೇ ನಮಗೆ ಅಷ್ಟು ಮಸುಕಾಗುವುದು, ಅವನ ದಾರಿ ಅವನಿಗೆ ಕಾಣುವುದು. ತಗ್ಗಿಸಿದವನ ಮುಖವನ್ನು ಅವನು ನೋಡಲಾರ, ಹೆಸರು ಕೇಳಲಾರ, ಕೃತಜ್ಞತೆ ಹೇಳಲಾರ. ಎರಡು ಕ್ಷಣಗಳಲ್ಲಿ ಇಬ್ಬರೂ ಎಂದೆಂದಿಗೂ ಅಗಲುವರು. ಗೀತೆಯ ನಿಷ್ಕಾಮಕರ್ಮಕ್ಕೆ ಭಾಷ್ಯ ಬರೆದವರು ಹಲವರಾದರೂ, ಫಲದ ಆಸೆಗೆ ಎಡೆಯೇ ಇಲ್ಲದ ಕರ್ಮವೊಂದನ್ನು ಸಾಮಾನ್ಯನ ಬದುಕಿನಿಂದ ತೋರಿಸೆಂದರೆ, ಡಿಪ್ ಮಾಡುವ ಬೆರಳಿಗಿಂತ ಉತ್ತಮವಾದ ನಿದರ್ಶನ ಇರಲಾರದೆಂದು ನನ್ನ ವಾದ.

ಸ್ವತಃ ಗೀತಾಚಾರ್ಯನೇ ಸಾರಥಿಯಾದ ಕಥೆಯನ್ನು ನೋಡಿರಿ. ಉಪನಿಷತ್ತಿನ ರೂಪಕವು ಬಿಟ್ಟ ಕೊರತೆಯನ್ನು ಮಹಾಭಾರತವು ತುಂಬಿಕೊಟ್ಟಿದೆ. ದ್ರೋಣಪರ್ವದಲ್ಲಿ, ಸೂರ್ಯಾಸ್ತದೊಳಗೆ ಜಯದ್ರಥನನ್ನು ಕೊಲ್ಲದಿದ್ದರೆ ಅಗ್ನಿಪ್ರವೇಶ ಮಾಡುವೆನೆಂದು ಅರ್ಜುನನು ಪ್ರತಿಜ್ಞೆ ಮಾಡಿದ ಮರುದಿನ, ಒಂದೊಂದು ಗಳಿಗೆಯೂ ಅಮೂಲ್ಯವಾದಾಗ, ಕುದುರೆಗಳು ಬಾಣಗಳಿಂದ ನೊಂದು ಬಳಲಿದವೆಂದು ಕಂಡು ಕೃಷ್ಣನು ರಣರಂಗದ ನಡುವೆಯೇ ರಥವನ್ನು ನಿಲ್ಲಿಸುತ್ತಾನೆ. ಅರ್ಜುನನು ನೆಲಕ್ಕಿಳಿದು ಶತ್ರುಗಳನ್ನು ತಡೆಯುತ್ತ, ಅಸ್ತ್ರದಿಂದ ನೆಲವನ್ನು ಸೀಳಿ ಕೊಳವನ್ನುಂಟುಮಾಡಿ, ಬಾಣಗಳಿಂದ ಮರೆಯನ್ನು ಕಟ್ಟಿಕೊಡುತ್ತಾನೆ. ಜಗದೊಡೆಯನು ನೊಗ ಬಿಚ್ಚಿ, ಕುದುರೆಗಳ ಮೈಯ ಬಾಣಗಳನ್ನು ಕಿತ್ತು, ಕೈಯಾರೆ ಮೈ ತಿಕ್ಕಿ, ನೀರು ಕುಡಿಸಿ, ಮೇಯಿಸಿ, ಮತ್ತೆ ಹೂಡುತ್ತಾನೆ. ಹದಿನೆಂಟು ಅಧ್ಯಾಯಗಳ ಉಪದೇಶಕ್ಕಿಂತ ಈ ಒಂದು ಗಳಿಗೆಯ ಚಾಕರಿಯಲ್ಲಿ ನನಗೆ ಅವನ ದೇವತ್ವವು ಹೆಚ್ಚು ಸ್ಪಷ್ಟವಾಗಿ ತೋರುತ್ತದೆ, ಪಂಡಿತರು ಕ್ಷಮಿಸಲಿ.

ಅದೇ ರಥದ ಕೊನೆಯನ್ನೂ ವ್ಯಾಸರು ಮರೆಮಾಡಲಿಲ್ಲ. ದುರ್ಯೋಧನನು ಬಿದ್ದ ಮೇಲೆ ಕೌರವರ ಪಾಳೆಯದ ಮುಂದೆ ರಥ ನಿಂತಾಗ, ಎಂದಿನಂತೆ ಸಾರಥಿಯು ಮೊದಲು ಇಳಿಯದೆ, ಗಾಂಡೀವವನ್ನೂ ಬತ್ತಳಿಕೆಗಳನ್ನೂ ತೆಗೆದುಕೊಂಡು ನೀನೇ ಮೊದಲು ಇಳಿಯೆಂದು ಅರ್ಜುನನಿಗೆ ಹೇಳುತ್ತಾನೆ. ಬಳಿಕ ತಾನು ಇಳಿದೊಡನೆ ಧ್ವಜದ ಕಪಿಯು ಅದೃಶ್ಯವಾಗಿ, ರಥವು ನಿಂತ ನೆಲದಲ್ಲೇ ಉರಿದು ಬೂದಿಯಾಗುತ್ತದೆ. ದ್ರೋಣಕರ್ಣರ ಅಸ್ತ್ರಗಳಿಂದ ಅದು ಎಂದೋ ಸುಟ್ಟುಹೋಗಿತ್ತು, ನಾನು ಕುಳಿತಿದ್ದರಿಂದ ಇದುವರೆಗೆ ನಿಂತಿತ್ತು ಎಂಬುದು ಕೃಷ್ಣನ ವಿವರಣೆ. ಆ ರಥಕ್ಕಾಗಿ ಯಾರೂ ಅಳುವುದಿಲ್ಲ. ಖಾಂಡವದಹನದ ಕಾಲದಲ್ಲಿ ಅಗ್ನಿಯ ಮೂಲಕ ಬಂದದ್ದು ಅಗ್ನಿಗೇ ಹೋಯಿತು. ರಣದ ನಡುವೆ ಅದರ ಕುದುರೆಗಳ ಮೈ ತಿಕ್ಕಿದ ಕೈಯೇ, ಕೆಲಸ ಮುಗಿದ ಮೇಲೆ ಅದನ್ನು ಉರಿಯಲು ಬಿಟ್ಟಿತು.

ಇಷ್ಟನ್ನು ನಾನು ಒಂದು ಭಾನುವಾರ ಮಕ್ತಲದ ಗೋಷ್ಠಿಯಲ್ಲಿ ಸಾವಕಾಶವಾಗಿ ನಿರೂಪಿಸಿ, ದೀಪವನ್ನು ತಗ್ಗಿಸುವ ನಿಷ್ಕಾಮಕರ್ಮದ ಬಗ್ಗೆ ವೃದ್ಧ ಡ್ರೈವರನ ಅಭಿಪ್ರಾಯವನ್ನು ಕೇಳಿದೆನು. ಅವನು ಬೀಡಿಯನ್ನು ಆರಿಸಿ, “ಧರ್ಮ ಗಿರ್ಮ ನಮಗ ತಿಳಿಯಂಗಿಲ್ರಿ ಸರ. ಅವನ ಕಣ್ಣಿಗೆ ಲೈಟ್ ಕುಕ್ಕಿದ್ರ ಅವ ಬಂದು ನನಗಽ ಗುದ್ದತಾನ. ಬ್ರೇಕ್ ಹತ್ತಲಿಲ್ಲಂದ್ರ ಮದಲ ಸಾಯಾವ ನಾನಽ” ಎಂದನು. ವಾದದ ಬುಡವೇ ಅಲುಗಿತು. ನಾನು ಪರಾರ್ಥವೆಂದು ಪೂಜಿಸಿದ್ದೆಲ್ಲವೂ ಅವನ ಲೆಕ್ಕದಲ್ಲಿ ಆತ್ಮರಕ್ಷಣೆಯೇ ಆಗಿತ್ತು. ಅದನ್ನು ಅಲ್ಲಗಳೆಯಲು ಯಾವ ಪ್ರಮಾಣವೂ ನನ್ನಲ್ಲಿರಲಿಲ್ಲ. ಉಪಾಧ್ಯಾಯರು ನನ್ನ ನೆರವಿಗೆ ಬಂದು ಬೇರೊಂದು ಪ್ರಶ್ನೆ ಹಾಕಿದರು. ಲಾರಿಯು ರಾತ್ರಿ ನಡುದಾರಿಯಲ್ಲಿ ಕೆಟ್ಟು ನಿಂತರೆ, ಹಿಂದೆ ಬರುವವರಿಗೆ ತಿಳಿಯಲೆಂದು ರಸ್ತೆಯ ಮೇಲೆ ದೊಡ್ಡ ಕಲ್ಲುಗಳನ್ನು ಸಾಲಾಗಿ ಇಡುವುದುಂಟು. ರಿಪೇರಿ ಮುಗಿದು ಲಾರಿ ಹೊರಟ ಮೇಲೆ ಆ ಕಲ್ಲುಗಳಿಂದ ಲಾರಿಯವನಿಗೆ ಲಾಭವೂ ಇಲ್ಲ, ಭಯವೂ ಇಲ್ಲ. ಬಿಟ್ಟು ಹೋದರೆ ಹಿಂದಿನಿಂದ ಬರುವ ಯಾವನೋ ಅವಕ್ಕೆ ಬಡಿದು ಬೀಳಬೇಕಷ್ಟೆ. ಈ ಸೀಮೆಯ ರಸ್ತೆಗಳಲ್ಲಿ ಹಾಗೆ ಬಿಟ್ಟುಹೋದ ಕಲ್ಲುಗಳನ್ನು ಕಾಣದವರು ಯಾರು? “ನೀನು ತೆಗೀತಿದ್ದೆಯೇನಪ್ಪ?” ಎಂದು ಉಪಾಧ್ಯಾಯರು ಕೇಳಿದರು.

ವೃದ್ಧನು ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ನಕ್ಕನು. “ನಾ ಎಲ್ಲಿ ತೆಗೀತಿದ್ದೆ ಸರ. ಕ್ಲೀನರ್ ಹುಡುಗ ಒಬ್ಬವ ಇದ್ದ, ಮಾಗನೂರು ಕಡೀಯವ. ಒಂದೊಂದಽ ಕಲ್ಲು ಉರುಳಿಸಿ ತಗ್ಗಿಗೆ ಹಾಕಿ ಬರ್ತಿದ್ದ. ನಾ ಸೀಟಿನ ಮ್ಯಾಲ ಕುಂತು ಹಾರ್ನ್ ಹೊಡೀತಿದ್ದೆ, ಲಗೂ ಹತ್ತಲೇ ಅಂತ.”